ಕೈಗುಣ ಮತ್ತು ಮಲಗಿದ ಶೇಂಗಾ

ಬೀಜ ಪರೀಕ್ಷೆಯ ಕೆಲಸಕ್ಕೆ ತಾಳ್ಮೆ ಬೇಕು ಎಂದು ಹೊಸದಾಗಿ ಸೇರುವ ಹುಡುಗರಿಗೆ ಎಲ್ಲರೂ ಉಪದೇಶ ಮಾಡುತ್ತಾರೆ. ನನಗೆ ಅದು ಒಂದು ಚೂರೂ ಇರಲಿಲ್ಲ, ಆದರೂ ಇಡೀ ನೌಕರಿಯನ್ನು ಅದರಲ್ಲೇ ಸವೆಸಿದೆ. ಒದ್ದೆ ಅರಿವೆಯಲ್ಲಿ ಕಾಳು ಕಟ್ಟಿಟ್ಟ ಮೇಲೆ ಮಾಡುವುದಕ್ಕೆ ಏನೂ ಇರುವುದಿಲ್ಲ, ಕಾಯಬೇಕು ಅಷ್ಟೆ. ನಾನು ಆ ಗಂಟಿನ ಸುತ್ತ ತಿರುಗುತ್ತಿದ್ದೆ. ಎದ್ದ ಕೂಡಲೇ ಬಿಚ್ಚಿ ನೋಡುವುದು, ಸ್ನಾನಕ್ಕೆ ಮುಂಚೆ ಬಿಚ್ಚಿ ನೋಡುವುದು, ಊಟದ ನಡುವೆ ಎದ್ದು ಹೋಗಿ ಮೂಸಿ ನೋಡುವುದು. ನನ್ನ ಹೆಂಡತಿ ರೇಗುತ್ತಿದ್ದಳು. “ಅದೇನ್ ಹಸಗೂಸ ಏನ್ರಿ, ಎಬ್ಬಿಸಿ ಎಬ್ಬಿಸಿ ನೋಡಾಕ? ಅದರ ಪಾಡಿಗೆ ಅದನ್ನ ಬಿಡ್ರಿ!”

ಬಿಡಲು ನನ್ನಿಂದ ಆಗುತ್ತಿರಲಿಲ್ಲ. ಈಗಲೂ ಆಗುವುದಿಲ್ಲ. ನಿವೃತ್ತನಾಗಿ ಎಷ್ಟೋ ವರ್ಷವಾಯಿತು, ಹಿತ್ತಲಲ್ಲಿ ಹೀರೆ ಬೀಜ ಊರಿದರೆ ಮರುದಿನವೇ ಕಡ್ಡಿ ಹಾಕಿ ಕೆದಕುತ್ತೇನೆ. ಆದ್ದರಿಂದ ಇದನ್ನು ಓದುವ ಹುಡುಗರು ನನ್ನಿಂದ ಶಾಂತಿಯ ಪಾಠ ನಿರೀಕ್ಷಿಸಬಾರದು.

ಆಗ ನಮ್ಮದು ಮುಂಬಯಿ ಇಲಾಖೆ. ನಾನು ಶೇತಕಿ ಖಾತೆಯಲ್ಲಿ, ಅಂದರೆ ಈಗ ನೀವು ಕೃಷಿ ಇಲಾಖೆ ಎನ್ನುವ ಕಡೆ, ಹಳ್ಳಿ ತಿರುಗುವ ನೌಕರ. ಗೋಕಾಕದ ಪೇಟೆಯಲ್ಲಿ ಬಿಡಾರ. ಹುಕ್ಕೇರಿಯಿಂದ ಮೂಡಲಗಿಯವರೆಗೆ ಎಲ್ಲಾ ಊರುಗಳೂ ನನ್ನ ಸೈಕಲ್ಲಿನ ಪಾಲು. ಬಿತ್ತನೆಗೆ ಮುಂಚೆ ರೈತರ ಮನೆಯ ಬೀಜ ತಂದು, ಮರಳು ಹಾಕಿದ ತಟ್ಟೆಯಲ್ಲೋ ಒದ್ದೆ ಅರಿವೆಯಲ್ಲೋ ಇಟ್ಟು, ನೂರಕ್ಕೆ ಎಷ್ಟು ಹುಟ್ಟಿದವು ಎಂದು ಹೇಳುವುದು ನನ್ನ ಕೆಲಸ. ಜನ ನನ್ನನ್ನು ‘ಬೀಜದ ಸಾಹೇಬ್ರು’ ಎನ್ನುತ್ತಿದ್ದರು. ಹಾಗೆಂದರೆ ಏನು ದೊಡ್ಡ ಮರ್ಯಾದೆ ಎಂದು ತಿಳಿಯಬೇಡಿ. ಅದೇ ಬಾಯಲ್ಲಿ ಬಾಜೂ ಮನೆಯವರಿಗೆ “ಕಾಳ ಎಣಿಸಾಂವ ಬಂದಾನ ನೋಡ್ರಿ” ಎಂದೂ ಹೇಳುತ್ತಿದ್ದರು. ಬಡ್ತಿ, ಬದಲಿಗಳ ಸಂಗತಿ ಬಿಡುತ್ತೇನೆ. ಅವು ನನಗೂ ನೆನಪಿಲ್ಲ.

ನೆನಪಿರುವುದು ರಾವಸಾಹೇಬರು. ಧಾರವಾಡದ ಕಡೆಯವರು, ನನ್ನ ಮೇಲಿನ ಅಧಿಕಾರಿ. ದಪ್ಪ ಮೀಸೆ, ಕರಿ ಕೋಟು, ಬಿಸಿಲಿಗೂ ಬಿಚ್ಚದ ರುಮಾಲು. ಸಿಟ್ಟು ಮೂಗಿನ ತುದಿಯಲ್ಲಿ. ಅವರಿಗೆ ಒಂದು ಹಟವಿತ್ತು. ಯಾವ ಪರೀಕ್ಷೆ ಮಾಡಿದರೂ ಅದರ ಪಕ್ಕದಲ್ಲಿ ಇನ್ನೊಂದು ತಟ್ಟೆ ಇರಲೇಬೇಕು, ಅದರಲ್ಲಿ ಅದೇ ಬೀಜ, ಆದರೆ ಅದಕ್ಕೆ ನಾವು ಏನೂ ಮಾಡಿರಬಾರದು. ಅದನ್ನು ಜೋಡಿ ತಟ್ಟೆ ಎನ್ನುತ್ತಿದ್ದರು. ಬಿಸಿನೀರಿನಲ್ಲಿ ನೆನೆಸಿದ ಬೀಜ ಚೆನ್ನಾಗಿ ಹುಟ್ಟಿತು ಎಂದು ನಾನು ಕುಣಿಯುತ್ತಾ ಹೋದರೆ ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

“ಜೋಡಿ ಎಲ್ಲೈತಿ?”

“ಇದೊಂದ ಇಟ್ಟೇನ್ರಿ, ಸಾಹೇಬ್ರ.”

“ಹಂಗಾದ್ರ ನೀರಿಗೆ ಹುಟ್ಟಿತೋ, ನಿನ್ನ ಮಾರಿ ನೋಡಿ ಹುಟ್ಟಿತೋ ಹೆಂಗ ಹೇಳ್ತಿ? ತಗೊಂಡ ನಡಿ.”

ಎಷ್ಟು ಸಲ ಹೀಗೆ ತಟ್ಟೆ ಹೊತ್ತು ಹಿಂತಿರುಗಿದ್ದೇನೋ. ಮನಸ್ಸಿನಲ್ಲೇ ಬೈಯುತ್ತಿದ್ದೆ. ಈಗ ನಿಮಗೆ ಹೇಳುತ್ತೇನೆ, ಆ ಮನುಷ್ಯ ಕಲಿಸಿದ ಇದೊಂದು ಮಾತು ಇಲ್ಲದಿದ್ದರೆ ನನ್ನ ನೌಕರಿಯೆಲ್ಲ ಕಾಳು ಎಣಿಸಿದಷ್ಟೇ ಆಗುತ್ತಿತ್ತು.

ಎಲ್ಲಾ ಅಧಿಕಾರಿಗಳೂ ಹಾಗಿರಲಿಲ್ಲ ಅನ್ನುವುದಕ್ಕೆ ಪುಣೆಯಿಂದ ತಪಾಸಣೆಗೆ ಬಂದ ಒಬ್ಬರ ಸಂಗತಿ ಹೇಳಬೇಕು. ನನ್ನ ಕಚೇರಿ ಎಂದರೆ ನನ್ನ ಮನೆಯ ಪಡಸಾಲೆಯೇ. ಕಿಟಕಿಗೆ ಸಾಲಾಗಿ ಒದ್ದೆ ಗಂಟುಗಳು ತೂಗುತ್ತಿದ್ದವು. ಆ ಸಾಹೇಬರು ನೇರವಾಗಿ ಕೊನೆಯ ಗಂಟು ಬಿಚ್ಚಿದರು. ಒಳಗೆ ಮುತ್ತಿನಂಥ ಮೊಳಕೆ, ಒಂದು ಕಾಳೂ ಬಿಡದೆ ಹುಟ್ಟಿತ್ತು. ಬಹಳ ಸಂತೋಷಪಟ್ಟು ಗೋಕಾಕದ ಬೀಜದಂಥ ಬೀಜ ಈ ದೌರೆಯ ತಿರುಗಾಟದಲ್ಲೇ ನೋಡಲಿಲ್ಲ ಎಂದು ನನ್ನ ಬೆನ್ನು ತಟ್ಟಿ ಹೋದರು. ಅದು ನನ್ನ ಹೆಂಡತಿ ಉಸುಳಿ ಪಲ್ಯಕ್ಕೆ ಕಟ್ಟಿಟ್ಟಿದ್ದ ಮಡಕಿ ಕಾಳು. ಸಂಜೆ ಅದಕ್ಕೆ ಒಗ್ಗರಣೆ ಬಿತ್ತು. ಬಡಿಸುವಾಗ ಅವಳು, “ತಿನ್ರಿ, ನಾಳಿ ಪುಣೆಕ್ಕ ವರ್ದಿ ಕಳಿಸೋದೈತಿ” ಎಂದು ನಕ್ಕಳು.

ಇನ್ನು ಹತ್ತರಗಿ ಎನ್ನುವ ಊರಿನ ಸಂಗತಿಗೆ ಬರುತ್ತೇನೆ. ಅಲ್ಲಿ ಮಲ್ಲಪ್ಪ ಎನ್ನುವ ರೈತನ ಕಣದಲ್ಲಿ ಒಟ್ಟಿದ್ದ ಜೋಳದ ತೆನೆಗಳ ಮೇಲೆ ಅಕಾಲದ ಮಳೆ ಹೊಡೆಯಿತು. ಮೇಲಿನ ತೆನೆ ಒಣಗಿದವು, ನಡುವಿನವು ಬೆಚ್ಚಗೆ ಒದ್ದೆಯಾಗಿದ್ದು ತೆನೆಯಲ್ಲೇ ಮೊಳಕೆ ಬಿಟ್ಟವು. ಈ ಜೋಳ ಬೀಜಕ್ಕೆ ಬರುತ್ತದೋ ಇಲ್ಲವೋ ನೋಡಲು ರಾವಸಾಹೇಬರೂ ನಾನೂ ಹೋಗಿದ್ದೆವು. ನೋಡಿದ್ದಾಯಿತು, ಬೀಜಕ್ಕೆ ಬರುವುದಿಲ್ಲ ಎಂದೆವು. ಮಲ್ಲಪ್ಪ ಊಟಕ್ಕೆ ಕರೆದ. ತಾಟಿನಲ್ಲಿ ಅದೇ ಜೋಳದ ರೊಟ್ಟಿ, ಮುಟ್ಟಿದರೆ ಹೋಳಾಗುತ್ತಿತ್ತು, ಬಾಯಿಗೆ ಹಾಕಿದರೆ ಏನೋ ಒಂದು ಸಿಹಿ.

ಒಳಗಿನಿಂದ ಮಲ್ಲಪ್ಪನ ಹೆಂಡತಿಯ ದನಿ ಕೇಳಿಸಿತು. “ಮಾಫ ಮಾಡ್ರಿ ಸಾಹೇಬ್ರ. ರೊಟ್ಟಿ ಬಡದಾಕಿ ನಮ್ಮ ನಾದಿನಿ. ಆಕೀ ಕೈಗುಣಾನ ಹಂಗ. ಹಿಟ್ಟಿನ್ಯಾಗ ಕೈ ಇಟ್ಲಂದ್ರ ರೊಟ್ಟಿ ಹರೀತಾವು.”

ನಾದಿನಿ ಎಂದರೆ ಮಲ್ಲಪ್ಪನ ತಂಗಿ ನೀಲವ್ವ. ಆಗಿನ್ನೂ ಲಗ್ನವಾಗಿರಲಿಲ್ಲ. ಬಾಗಿಲ ಹಿಂದೆ ನಿಂತಿದ್ದಳು, ಕೈಗೆಲ್ಲ ಹಿಟ್ಟು, ಕಣ್ಣು ತುಂಬಿ ಬಂದಿತ್ತು. ಕೈಗುಣ ಎನ್ನುವ ಮಾತು ನಮ್ಮ ಕಡೆ ಬಹಳ ತೂಕದ್ದು. ವೈದ್ಯನಿಗೆ, ಸೂಲಗಿತ್ತಿಗೆ, ಹೆಪ್ಪು ಹಾಕುವವಳಿಗೆ, ಬೀಜ ಬಿಡುವವಳಿಗೆ ಎಲ್ಲರಿಗೂ ಕೈಗುಣ ಇರಬೇಕು. ಒಮ್ಮೆ ಅದು ಇಲ್ಲ ಎಂದು ಊರು ಆಡಿತೆಂದರೆ ಆ ಕೈಗೆ ಯಾವ ಕೆಲಸವನ್ನೂ ನಂಬಿ ಕೊಡುವುದಿಲ್ಲ.

ರಾವಸಾಹೇಬರು ಊಟ ಅಲ್ಲಿಗೇ ಬಿಟ್ಟರು. ಅವರ ಚೀಲದಲ್ಲಿ ಗಾಯಕ್ಕೆ ಹಚ್ಚುವ ಟಿಂಚರ್ ಆಯೋಡಿನ್ ಸೀಸೆ ಸದಾ ಇರುತ್ತಿತ್ತು. ಗಾಯಕ್ಕಿಂತ ಕಾಳಿಗೇ ಅದನ್ನು ಹೆಚ್ಚು ಖರ್ಚು ಮಾಡುತ್ತಿದ್ದರು. ಹಳೆಯ ಜೋಳದ ಒಂದು ಕಾಳು, ಮೊಳೆತ ಜೋಳದ ಒಂದು ಕಾಳು ತರಿಸಿ, ಅಡ್ಡ ಕೊಯ್ದು, ಎರಡರ ಮೇಲೂ ಹನಿ ಬಿಟ್ಟರು. ಹಳೆಯ ಕಾಳು ಇಡಿಯಾಗಿ ಕಪ್ಪು ನೀಲಿಗೆ ತಿರುಗಿತು. ಮೊಳೆತದ್ದರಲ್ಲಿ ಮೊಳಕೆಯ ಸುತ್ತ ಬಣ್ಣವೇ ಹತ್ತಲಿಲ್ಲ.

“ಇಲ್ಲಿ ನೋಡ ತಂಗಿ,” ಎಂದರು. “ನೀಲಿ ಆಗೋದು ಹಿಟ್ಟು. ಇದರಾಗ ಹಿಟ್ಟ ಉಳದಿಲ್ಲ, ಮೊಳಕಿ ಅದನ್ನ ಸಕ್ಕರಿ ಮಾಡಿ ಉಂಡೈತಿ. ಒಳಗಿನ ಹಿಟ್ಟ ಹೋದ ಕಾಳ ಬೀಸಿದ್ರ ಯಾರ ಕೈಯಾಗೂ ಜಿಗಿ ಬರೂದಿಲ್ಲ. ನಿನ್ನ ಕೈಯಾಗ ಏನೂ ದೋಷ ಇಲ್ಲವ್ವ.”

ನೀಲವ್ವ ಕಣ್ಣೊರೆಸಿಕೊಂಡು ನಕ್ಕಳು. ಅತ್ತಿಗೆಗೆ ಮಾತ್ರ ಸಮಾಧಾನವಾಗಲಿಲ್ಲ. “ಬಣ್ಣ ಹಚ್ಚಿದ್ರ ರೊಟ್ಟಿ ಆಕ್ಕಾವೇನ್ರಿ?” ಎಂದು ಕೇಳಿದಳು. ರಾವಸಾಹೇಬರು ಸೀಸೆಯ ಬಾಯಿ ಮುಚ್ಚಿ ಚೀಲಕ್ಕೆ ಸೇರಿಸಿದರು.

ಆ ಕೆಲಸ ಮಾಡುವ ವಸ್ತುವನ್ನು ನಾವಾಗ ಡಯಾಸ್ಟೇಸ್ ಎನ್ನುತ್ತಿದ್ದೆವು. ನೀವು ಈಗ ಕಿಣ್ವ ಎನ್ನುತ್ತೀರಿ. ನಿಮ್ಮ ಪುಸ್ತಕಗಳಲ್ಲಿ ಎಲ್ಲಾ ಇದೆ, ಆದರೂ ನನಗೆ ತಿಳಿದಂತೆ ಒಮ್ಮೆ ಹೇಳಿಬಿಡುತ್ತೇನೆ. ಕಾಳಿನೊಳಗೆ ಜೀವ ಇರುವುದು ಒಂದು ಮೂಲೆಯಲ್ಲಿ, ಬಹಳ ಸಣ್ಣದು. ಉಳಿದದ್ದೆಲ್ಲ ಅದರ ಬುತ್ತಿ, ನೆಲದಲ್ಲಿ ತೋಡಿ ಕಾಳು ತುಂಬಿ ಬಾಯಿ ಮುಚ್ಚಿದ ಹಗೇವಿನ ಹಾಗೆ. ನೀರು ಬಿದ್ದ ಮಾತ್ರಕ್ಕೆ ಹಗೇವು ತೆರೆಯುವುದಿಲ್ಲ. ಒಳಗಿನ ಜೀವ ಎದ್ದು ಹೇಳಿಕಳಿಸಬೇಕು, ಆಗ ಕಿಣ್ವಗಳು ಹುಟ್ಟಿ ಬುತ್ತಿಯನ್ನು ಕರಗಿಸಿ ಮೊಳಕೆಗೆ ಉಣಿಸುತ್ತವೆ. ಹಾಗೆ ಹೇಳಿಕಳಿಸುವ ವಸ್ತುವೇ ಹಾರ್ಮೋನು. ಏಳು ಎನ್ನುವುದು ಒಂದು, ಈಗಲೇ ಬೇಡ ಎಂದು ತಡೆಯುವುದು ಇನ್ನೊಂದು. ಆ ಎರಡರ ಜಗ್ಗಾಟ ಮುಗಿಯುವವರೆಗೆ ಬೀಜ ಮಲಗಿರುತ್ತದೆ. ಇದೆಲ್ಲ ನನಗೆ ಗೊತ್ತಾದದ್ದು ಪೆನ್ಶನ್ ತೆಗೆದುಕೊಳ್ಳತೊಡಗಿದ ಮೇಲೆ. ನೌಕರಿಯಲ್ಲಿದ್ದಾಗ ನಮಗೆ ಗೊತ್ತಿದ್ದದ್ದು ಕಿಣ್ವದವರೆಗೆ ಮಾತ್ರ. ಅದರ ಹಿಂದೆ ಕತ್ತಲೆ.

ಆ ಕತ್ತಲೆಯಲ್ಲೇ ತುಕ್ಕಾನಟ್ಟಿಯ ಪ್ರಕರಣ ನಡೆಯಿತು. ಇಷ್ಟು ಹೊತ್ತೂ ನಾನು ಅದರ ಸುತ್ತಲೇ ಸುತ್ತುತ್ತಿದ್ದೆ ಎಂದು ನಿಮಗೂ ಗೊತ್ತಾಗಿರಬೇಕು.

ನೀಲವ್ವನನ್ನು ಮೂಡಲಗಿ ಕಡೆಯ ತುಕ್ಕಾನಟ್ಟಿಗೆ ಕೊಟ್ಟಿದ್ದರು. ಗಂಡ ಲಗಮಣ್ಣ, ಮಾತು ಕಡಿಮೆ, ಅಪ್ಪನ ಎದುರು ಅದೂ ಇಲ್ಲ. ಮಾವ ಸಿದ್ದಪ್ಪ ನೀರಾವರಿ ತೋಟಪಟ್ಟಿ ಇದ್ದ ಗಟ್ಟಿ ಕುಳ. ಅತ್ತೆ ಬಾಳವ್ವ. ಲಗ್ನವಾಗಿ ಕೆಲವು ವರ್ಷ ಕಳೆದರೂ ನೀಲವ್ವನಿಗೆ ಮಕ್ಕಳಾಗಿರಲಿಲ್ಲ. ನಾನು ಆ ಊರಿಗೆ ಹೋದಾಗಲೆಲ್ಲ ಅವಳು ನೀರು ತಂದಿಟ್ಟು, “ಹತ್ತರಗಿ ಕಡೆ ಹೋಗಿದ್ರೇನ್ರಿ?” ಎಂದು ಕೇಳುತ್ತಿದ್ದಳು. ಅಷ್ಟೇ ನಮ್ಮ ಪರಿಚಯ.

ಆ ಸುಮಾರಿಗೆ ನಮ್ಮ ಖಾತೆ ಹೊಸ ಶೇಂಗಾ ತಂದಿತ್ತು, ನೆಲದ ಮೇಲೆ ಬಳ್ಳಿಯಾಗಿ ಹಬ್ಬುವ ಜಾತಿ. ನಾಗನೂರಿನಲ್ಲಿ ಬೀಜಕ್ಕೆಂದು ಬೆಳೆಸಿ ಹಳ್ಳಿಗಳಿಗೆ ಕೊಡುತ್ತಿದ್ದೆವು. ರೈತರು ಮೊದಲಿನಿಂದ ಬೆಳೆಯುತ್ತಿದ್ದದ್ದು ನಿಂತು ಬೆಳೆಯುವ ಗಿಡದ ಜಾತಿ. ಅದರ ಕಾಳಿಗೆ ನಿದ್ದೆಯೇ ಇಲ್ಲ. ಕೀಳುವುದು ತಡವಾಗಿ ಒಂದು ಮಳೆ ಬಿದ್ದರೆ ಮಣ್ಣಿನೊಳಗೇ ಮೊಳೆತುಬಿಡುತ್ತಿತ್ತು. ಹಾಗಾಗಿ ಶೇಂಗಾ ಎಂದರೆ ಹಾಕಿದ ಕೂಡಲೇ ಹುಟ್ಟುವ ಕಾಳು ಎಂದೇ ಎಲ್ಲರ ನಂಬಿಕೆ, ನನ್ನದೂ ಅದೇ. ಸಿದ್ದಪ್ಪ ಮಳೆಗಾಲದಲ್ಲಿ ಹೊಸ ಜಾತಿ ಬೆಳೆದ, ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆಯ ಹೊತ್ತಿಗೆ ಕಿತ್ತ. ಬಾವಿಯಲ್ಲಿ ನೀರಿದೆ, ಮುಂದಿನ ಮಳೆಯವರೆಗೆ ಯಾಕೆ ಕಾಯಬೇಕು ಎಂದು ಅದೇ ಕಾಳನ್ನು ಸಂಕ್ರಮಣ ಕಳೆದ ಮೇಲೆ ಮತ್ತೆ ಬಿತ್ತಿಸಿದ.

ಬಿತ್ತುವ ದಿನ ನೇಗಿಲಿನ ಹಿಂದೆ ಉಡಿಯಲ್ಲಿ ಬೀಜ ಕಟ್ಟಿಕೊಂಡು ಸಾಲಿನಲ್ಲಿ ಬಿಡುವವಳು ಆ ಮನೆಯಲ್ಲಿ ಯಾವಾಗಲೂ ಬಾಳವ್ವ. ಆ ವರ್ಷ ಅವಳ ಮೊಣಕಾಲು ಹಿಡಿದುಕೊಂಡಿತ್ತು. ಮೊದಲ ಸಲ ಉಡಿಯನ್ನು ನೀಲವ್ವನಿಗೆ ಕಟ್ಟಿದರು. ಅವಳು ಹೊಲ ಪೂರ್ತಿ ಬೀಜ ಬಿಟ್ಟಳು. ನೀರು ಹಾಯಿಸಿದರು. ಸುತ್ತಲಿನ ತೋಟಪಟ್ಟಿಗಳಲ್ಲಿ ಹಳೆಯ ಶೇಂಗಾ ಹಸಿರು ಹಸಿರಾಗಿ ಎದ್ದಿತು. ಸಿದ್ದಪ್ಪನ ಹೊಲ ಮಾತ್ರ ಬೋಳು. ಎಲ್ಲೋ ಒಂದೊಂದು ಸಸಿ, ಅಷ್ಟೆ.

ನಾನು ಹೋಗುವ ಹೊತ್ತಿಗೆ ಊರೆಲ್ಲ ಅದೇ ಮಾತು. ಬರಡಿ ಬಿಟ್ಟ ಬೀಜ ಬರಡು. ಮಕ್ಕಳಿಲ್ಲದವಳನ್ನೂ ಹುಟ್ಟದ ಬೀಜವನ್ನೂ ನಮ್ಮ ಕಡೆ ಒಂದೇ ಮಾತಿನಲ್ಲಿ ಕರೆಯುತ್ತಾರೆ. ಒಂದರಿಂದ ಇನ್ನೊಂದಕ್ಕೆ ಹಾರಲು ಅವರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಸಿದ್ದಪ್ಪ ಮೂಡಲಗಿಯಲ್ಲಿ ಲಗಮಣ್ಣನಿಗೆ ಎರಡನೆಯ ಹೆಣ್ಣು ನೋಡಿಯಾಗಿತ್ತು. ಶಿವರಾತ್ರಿ ಮುಗಿದ ಮೇಲೆ ಹೋಗಿ ಮಾತು ಮುಗಿಸುವುದು, ನೀಲವ್ವನನ್ನು ಹತ್ತರಗಿಗೆ ಕಳಿಸುವುದು ಎಂದು ನಿರ್ಧಾರ. ಹತ್ತರಗಿಯಲ್ಲಿ ಅಣ್ಣನನ್ನು ಬಿಟ್ಟರೆ ಅವಳಿಗೆ ಯಾರಿದ್ದರು? ಅದೇ ಅತ್ತಿಗೆ.

ನನಗೆ ಕೂತಲ್ಲಿ ಕೂಡಲಾಗಲಿಲ್ಲ. ಹೊಲಕ್ಕೆ ಹೋಗಿ ಕೈಯಿಂದಲೇ ಕೆದಕಿದೆ. ನೀವು ಈ ಕೆಲಸದಲ್ಲಿ ಇನ್ನೇನು ಮರೆತರೂ ಇದನ್ನು ಮರೆಯಬೇಡಿ. ಬೀಜ ಹುಟ್ಟದಿದ್ದರೆ ಅದನ್ನು ಮಣ್ಣಿನಿಂದ ತೆಗೆದು ಒತ್ತಿ ನೋಡಿ. ಸತ್ತ ಬೀಜ ಒದ್ದೆ ಮಣ್ಣಿನಲ್ಲಿ ಕೊಳೆಯುತ್ತದೆ, ನಾರುತ್ತದೆ, ಬೆರಳಿಗೆ ಮೆತ್ತಗೆ ಹತ್ತುತ್ತದೆ. ನನ್ನ ಕೈಗೆ ಬಂದ ಕಾಳುಗಳು ಗಟ್ಟಿಯಾಗಿದ್ದವು. ಸಿಪ್ಪೆ ಸುಲಿದರೆ ಒಳಗೆ ಹಾಲಿನ ಬಿಳುಪು. ಇಷ್ಟು ದಿನ ಒದ್ದೆಯಲ್ಲಿದ್ದೂ ಕೊಳೆತಿಲ್ಲ ಎಂದರೆ ಒಳಗೆ ಜೀವ ಇದೆ.

“ಸಿದ್ದಪ್ಪಣ್ಣಾರ, ಇವು ಸತ್ತಿಲ್ಲರಿ. ಮಲಗ್ಯಾವು,” ಎಂದೆ.

ಸಿದ್ದಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. “ಕಾಳ ಮಲಗತಾವೇನ್ರಿ, ಸಾಹೇಬ್ರ? ಬಾಜೂ ಹೊಲದಾವು ಹೆಂಗ ಎಚ್ಚರ ಅದಾವು? ಅವನ್ನ ಬಿಟ್ಟ ಕೈ ಬ್ಯಾರೆ ಐತಿ, ಅದಕ್ಕ.”

ಅವನ ಮನೆಯಲ್ಲಿ ಉಳಿದಿದ್ದ ಅದೇ ಶೇಂಗಾದ ಒಂದು ಚೀಲ ಕೇಳಿ ತೆಗೆದುಕೊಂಡು ಗೋಕಾಕಕ್ಕೆ ಬಂದೆ. ಒದ್ದೆ ಅರಿವೆಯಲ್ಲಿ ಕಟ್ಟಿದೆ, ಏಳಲಿಲ್ಲ. ಸಿಪ್ಪೆ ಸುಲಿದು ಇಟ್ಟೆ, ಏಳಲಿಲ್ಲ. ಚಳಿಗೆ ಹೀಗಾಗಿದೆ, ಬಿಸಿ ಸಾಲದು ಎಂದುಕೊಂಡೆ. ಹೆಂಡತಿ ನನ್ನ ಓಡಾಟ ನೋಡಿ ಈ ಸಲ ಬೈಯಲಿಲ್ಲ, ಅವಳೂ ನಡುನಡುವೆ ಹೋಗಿ ಗಂಟು ಮುಟ್ಟಿ ನೋಡುತ್ತಿದ್ದಳು.

ನಮ್ಮ ಓಣಿಯ ತುದಿಯಲ್ಲಿ ಬಾಗವಾನ ಇಮಾಮಸಾಬ್ ಇದ್ದ, ಹಣ್ಣಿನ ವ್ಯಾಪಾರಿ. ಅವನದು ಕಿಟಕಿಯಿಲ್ಲದ ಒಂದು ಕೋಣೆ. ಅದರಲ್ಲಿ ಬಾಳೆಗೊನೆಗಳನ್ನು ಹುಲ್ಲಿನಲ್ಲಿ ಮುಚ್ಚಿ, ಮೂಲೆಯಲ್ಲಿ ಹೊಗೆ ಹಾಕಿ, ಬಾಗಿಲು ಬಿಗಿದು ಹಣ್ಣು ಮಾಡುತ್ತಿದ್ದ. ಅಡಿ ಹಾಕುವುದು ಎನ್ನುತ್ತಾರೆ ಅದಕ್ಕೆ. ಪೇಟೆಯಲ್ಲಿ ಅದರಷ್ಟು ಬೆಚ್ಚನೆಯ ಜಾಗ ಇನ್ನೊಂದಿಲ್ಲ. ಒಂದು ತಟ್ಟೆ ಅಲ್ಲಿ ಇಡುತ್ತೇನೆ ಎಂದು ಕೇಳಿದೆ.

“ಇಡ್ರಿ, ನನ್ನ ಗಂಟೇನ್ ಹೊಕ್ಕೈತಿ. ಖರೆ ಗಳಿಗಿಗೊಮ್ಮೆ ಬಾಗಲಾ ತಗದ್ರ ನನ್ನ ಹಣ್ಣ ಕೆಡತಾವು. ನಿಮ್ಮ ಚಟಾ ನನಗ ಗೊತ್ತೈತಿ,” ಎಂದ.

ಬೀಗದ ಕೈ ಅವನೇ ಸೊಂಟಕ್ಕೆ ಸಿಕ್ಕಿಸಿಕೊಂಡ. ಆಗ ರಾವಸಾಹೇಬರ ದನಿ ಕಿವಿಯಲ್ಲಿ ಬಂದಂತಾಯಿತು. ಜೋಡಿ ಎಲ್ಲೈತಿ? ಬರೀ ಬಿಸಿಯೇ ಕಾರಣವಾದರೆ ಬೇರೆ ಬೆಚ್ಚನೆಯ ಜಾಗದಲ್ಲೂ ಏಳಬೇಕು. ಖಾನಾವಳಿಯ ಒಲೆಯ ಬೆನ್ನಿಗಿದ್ದ, ಹೊಗೆ ಬಾರದ ಗೂಡಿನಲ್ಲಿ ಇನ್ನೊಂದು ತಟ್ಟೆ ಇಟ್ಟೆ. ಅದನ್ನು ಮಾತ್ರ ಮನಸ್ಸು ತುಂಬ ನೋಡಬಹುದಾಗಿತ್ತು. ನೋಡಿದೆ. ಒಂದೂ ಏಳಲಿಲ್ಲ. ಇಮಾಮಸಾಬ್ ಕೊನೆಗೆ ಹಣ್ಣು ತೆಗೆಯಲು ಬಾಗಿಲು ತೆರೆದ ದಿನ ನಾನು ಅವನಿಗಿಂತ ಮೊದಲು ಒಳಗೆ ನುಗ್ಗಿದೆ. ಹೊಗೆಗೆ ಕಣ್ಣು ಉರಿದು ನೀರು ಬಂತು. ತಟ್ಟೆ ಹೊರಗೆ ತಂದೆ. ಹೆಚ್ಚಿನ ಕಾಳುಗಳ ಮೂತಿ ಸೀಳಿ ಬಿಳಿ ಮೊಳಕೆ ಇಣುಕಿತ್ತು.

ಬಿಸಿ ಅಲ್ಲ ಎಂದಾಯಿತು. ಹಾಗಾದರೆ ಆ ಕೋಣೆಯ ಗಾಳಿಯಲ್ಲಿ ಏನೋ ಇದೆ. ಏನು ಎಂದು ಆಗ ಹೇಳುವವರು ಯಾರೂ ಇರಲಿಲ್ಲ. ಈಚೆಗೆ ಓದಿದೆ, ಮಾಗುವ ಹಣ್ಣಿನಿಂದಲೂ ಹೊಗೆಯಿಂದಲೂ ಎಥಿಲೀನ್ ಎನ್ನುವ ಅನಿಲ ಬರುತ್ತದಂತೆ, ಕಾಯನ್ನು ಹಣ್ಣು ಮಾಡುವ ಅದೇ ಅನಿಲ ಮಲಗಿದ ಶೇಂಗಾವನ್ನೂ ಎಬ್ಬಿಸುತ್ತದಂತೆ, ಅದೂ ಒಂದು ಹಾರ್ಮೋನಂತೆ.  ಮೊಳಕೆ ಕಂಡ ದಿನ ಇದೇನೂ ಗೊತ್ತಿಲ್ಲದೆ ಇಮಾಮಸಾಬನನ್ನು ಅಪ್ಪಿಕೊಂಡೆ, ಅವನು “ಹುಚ್ಚ ಹಿಡೀತೇನ್ರಿ?” ಎಂದು ಬಿಡಿಸಿಕೊಂಡ.

ಮೊಳೆತ ಕಾಳುಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿ ಸೈಕಲ್ ತುಳಿದೆ. ತುಕ್ಕಾನಟ್ಟಿಯಲ್ಲಿ ಸಿದ್ದಪ್ಪನ ಮನೆಯ ಮುಂದಿನ ಕಟ್ಟೆಯಲ್ಲಿ ನಾಲ್ಕು ಜನರ ಮುಂದೆ ಅವನ ಕೈಯಲ್ಲಿಟ್ಟೆ. ಅವನು ಹೊರಳಿಸಿ ಹೊರಳಿಸಿ ನೋಡಿದ.

“ಔಷಧ ಹಾಕಿ ಎಬ್ಬಿಸೇರಿ. ಸರಕಾರದ ಮಂದಿ ನೀವು, ಹೆಣಾನೂ ಎಬ್ಬಸ್ತೀರಿ. ಆಕಿ ಕೈಲೆ ಬಿಟ್ಟದ್ದು ಹೊಲದಾಗ ಏಳಬೇಕು. ಅಂದ್ರ ಒಪ್ಪತೇನಿ.”

ಆಗಲಿ ಎಂದೆ. ಹೊಗೆ ಕೋಣೆಯಲ್ಲಿಟ್ಟ ಶೇಂಗಾ ತರುತ್ತೇನೆ, ನೀಲವ್ವ ಒಂದು ಸಾಲು ಬಿಡಲಿ ಎಂದೆ. ನೀಲವ್ವ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. ಹತ್ತರಗಿಯ ಬಾಗಿಲ ಹಿಂದೆ ನಿಂತಿದ್ದ ಹುಡುಗಿಯಲ್ಲ ಅವಳು ಈಗ. ಸೆರಗು ಬಿಗಿದು ಮುಂದೆ ಬಂದಳು.

“ನನ್ನ ಕೈಗೆ ಅಷ್ಟ ಯಾಕ್ರಿ ಪರೀಕ್ಷಾ? ಅತ್ತಿಯವರೂ ಬಿಡ್ಲಿ. ನಿಮ್ಮ ಹೊಗಿ ಕಾಳಾ ಒಂದ ಸಾಲು, ಹೊಗಿ ಇಲ್ಲದ್ದ ಒಂದ ಸಾಲು, ನಾನೂ ಎರಡ ಬಿಡ್ತೇನಿ, ಅವರೂ ಎರಡ ಬಿಡ್ಲಿ. ಇಲ್ಲಾಂದ್ರ ನಾ ಉಡಿ ಕಟ್ಟೂದಿಲ್ಲ.”

ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಸೊಸೆಯಾದವಳು ಹೀಗೆ ಮಾತಾಡುವುದನ್ನು ಅವರು ಕೇಳಿರಲಿಲ್ಲ. ಸಿದ್ದಪ್ಪ ಬಾಯಿ ತೆರೆಯುವುದರೊಳಗೆ ಒಳಗಿನಿಂದ ಬಾಳವ್ವ, “ಬಿಡ್ತೇನಿ ತಗೋರಿ. ನನಗೇನ್ ಭಯಾ? ಏಳ ಹಡದ ಕೈ ಐತಿ” ಎಂದಳು.

ಅದೇ ಚೀಲದ ಕಾಳನ್ನು ಎರಡು ಪಾಲು ಮಾಡಿ, ಒಂದೇ ತೆರನ ಒದ್ದೆ ಗೋಣಿಯಲ್ಲಿ ಸುತ್ತಿ, ಒಂದನ್ನು ಬಾಳೆಯ ಕೋಣೆಯಲ್ಲಿ, ಇನ್ನೊಂದನ್ನು ಖಾನಾವಳಿಯ ಗೂಡಿನಲ್ಲಿ ಇಟ್ಟು, ಆಮೇಲೆ ತಂದೆ. ಸಾಲಿನ ತಲೆಗೆ ಬೇವಿನ ಕಡ್ಡಿ ನೆಟ್ಟು ಗುರುತು ಮಾಡಿದೆ. ಬಾಳವ್ವ ಕುಂಟುತ್ತಾ, ಒಂದು ಕೈ ಸೊಸೆಯ ಹೆಗಲ ಮೇಲೆ ಇಟ್ಟುಕೊಂಡು ತನ್ನ ಎರಡು ಸಾಲು ಬಿಟ್ಟಳು. ನೀಲವ್ವ ಅತ್ತೆಯನ್ನು ಬದುವಿನ ಮೇಲೆ ಕೂರಿಸಿ ತನ್ನ ಎರಡು ಸಾಲು ಬಿಟ್ಟಳು. ಅವಳ ತುಟಿ ಬಿಗಿದಿತ್ತು. ಒಂದು ಕಾಳೂ ಹೆಚ್ಚು ಕಡಿಮೆ ಬೀಳಲಿಲ್ಲ.

ಆಮೇಲಿನ ದಿನಗಳನ್ನು ನಾನು ಹೇಗೆ ಕಳೆದೆ ಎಂದು ಕೇಳಬೇಡಿ. ತಟ್ಟೆಯಲ್ಲಿ ಎದ್ದದ್ದು ಹೊಲದಲ್ಲಿ ಏಳುತ್ತದೆ ಎಂದು ಯಾರು ಹೇಳಿದ್ದರು? ಇರುವೆ ಹೊತ್ತರೆ? ಅಳಿಲು ಬಂದರೆ? ಖಾನಾವಳಿಯ ಕಾಳೂ ತನ್ನಷ್ಟಕ್ಕೆ ಎಚ್ಚರವಾಗಿಬಿಟ್ಟರೆ? ಅದಕ್ಕಿಂತ ಹೆಚ್ಚಾಗಿ, ನೀಲವ್ವನ ಸಾಲು ಏಳದೆ ಬಾಳವ್ವನದು ಮಾತ್ರ ಎದ್ದರೆ? ನೌಕರಿಯಲ್ಲಿ ಎಷ್ಟೋ ಬೀಜ ಕೆಟ್ಟಿವೆ, ರೈತನಿಗೆ ಹೋಗಿ ಕೆಟ್ಟಿದೆ ಎಂದು ಹೇಳಿದರೆ ಮುಗಿಯುತ್ತಿತ್ತು. ಇಲ್ಲಿ ಕೆಟ್ಟರೆ ಒಬ್ಬ ಹೆಣ್ಣುಮಗಳು ಗಂಟು ಕಟ್ಟಿಕೊಂಡು ಹತ್ತರಗಿಯ ದಾರಿ ಹಿಡಿಯಬೇಕಿತ್ತು. ಹೆದರಿದ್ದೆ. ರಾವಸಾಹೇಬರಿಗೆ ಹೇಳೋಣವೆಂದರೆ ಅವರು ದೌರೆಯ ಮೇಲಿದ್ದರು. ನಾನು ಮೂಡಲಗಿಗೆ ಕೆಲಸ ಹುಡುಕಿಕೊಂಡು ಹೋಗಿ, ತುಕ್ಕಾನಟ್ಟಿಯ ಹಾದಿಯಲ್ಲಿ ಸೈಕಲ್ ನಿಧಾನ ಮಾಡಿ, ಹೊಲದ ಕಡೆ ಕತ್ತು ಉದ್ದ ಮಾಡಿ ನೋಡಿ ಬರುತ್ತಿದ್ದೆ. ಒಂದು ಸಲ ಹೀಗೆ ನೋಡುತ್ತಾ ಎತ್ತಿನ ಗಾಡಿಗೆ ಹೋಗಿ ಗುದ್ದಿದೆ.

ಶಿವರಾತ್ರಿ ಕಳೆದು ಸಿದ್ದಪ್ಪ ಮೂಡಲಗಿಗೆ ಹೊರಡುವ ದಿನ ಬಂತು. ಗಾಡಿ ಹೂಡಿಯಾಗಿತ್ತು, ಹತ್ತುವ ಮೊದಲು ಹೊಲ ನೋಡಿಬಿಡೋಣ ಎಂದು ಎಲ್ಲರೂ ಹೊರಟೆವು. ನಮ್ಮ ಹಿಂದೆ ಅರ್ಧ ಊರು.

ಹೊಗೆ ಕೋಣೆಯ ಕಾಳು ಬಿದ್ದ ಎರಡೂ ಸಾಲು ಎದ್ದಿದ್ದವು, ನೀಲವ್ವನದೂ ಬಾಳವ್ವನದೂ. ಮಣ್ಣಿನ ಹೆಂಟೆ ಎತ್ತಿಕೊಂಡು, ಎಲೆ ಇನ್ನೂ ಮಡಚಿಕೊಂಡೇ, ಸಾಲಿಗೆ ಸಾಲು ನಿಂತಿದ್ದವು. ಹೊಗೆ ಇಲ್ಲದ ಎರಡೂ ಸಾಲು ಬೋಳಾಗಿದ್ದವು, ನೀಲವ್ವನದೂ ಬಾಳವ್ವನದೂ. ನಾನು ಕೂಗಿಬಿಟ್ಟೆ, ಏನು ಕೂಗಿದೆನೋ ನೆನಪಿಲ್ಲ. ಲಗಮಣ್ಣ ಹೆಂಡತಿಯ ಕಡೆ ನೋಡಿದ, ಅಪ್ಪನ ಕಡೆ ನೋಡಿದ, ನೆಲ ನೋಡಿದ.

ಸಿದ್ದಪ್ಪ ಮೀಸೆ ತಿರುವುತ್ತಾ ನಾಲ್ಕೂ ಸಾಲು ನಡೆದು ನೋಡಿದ. ಆಮೇಲೆ ಹೇಳಿದ, “ಇದರ ಮ್ಯಾಲಿಂದ ಏನ್ ಹೇಳಾಕ ಬರೂದಿಲ್ಲ. ಶೇಂಗಾ ಸುಲಿಯುವಾಗ ಎಲ್ಲಾ ಕಾಳಿಗೂ ಆಕೀ ಕೈ ತಗಲಿರ್ತೈತಿ. ಹೊಗಿ ತಾಗಿದ್ದರ ದೋಷ ಹೋಗಿ ಎದ್ದಾವು, ತಾಗದ್ದು ಬರಡ ಆದುವು. ಮೂಡಲಗಿ ಮಂದಿ ಕಾಯಾಕತ್ತಾರ, ನಡೀರಿ.”

 ನಾಲ್ಕು ಸಾಲಿನಿಂದಲೂ ಹೇಳಲಾಗದ್ದನ್ನು ಇನ್ನು ಯಾವುದರಿಂದ ಹೇಳುವುದು? ಗುಂಪು ತಿರುಗಿತು. ಆಗ ಬದುವಿನ ಮೇಲೆ ಕೂತಿದ್ದ ಬಾಳವ್ವ ಎದ್ದಳು. ಮೊಣಕಾಲು ಹಿಡಿದುಕೊಂಡು ಕುಂಟುತ್ತಾ ತನ್ನ ಬೋಳು ಸಾಲಿನ ನಡುವೆ ಹೋಗಿ ನಿಂತಳು.

“ಏನ್ರಿ, ಇಲ್ಲಿ ಬರ್ರಿ. ಇದ ನನ್ನ ಸಾಲು. ಏಳ ಹಡದೇನಿ. ನಾಕ ಮಣ್ಣಾಗ ಇಟ್ಟ ಬಂದೇನಿ, ಮೂರ ಬದಕಿ ಉಳದಾವು. ನನ್ನ ಸಾಲೂ ಹುಟ್ಟಿಲ್ಲ. ಅಂದ್ರ ಇವತ್ತಿನಿಂದ ನಾನೂ ಬರಡಿನ ಆದ್ನಿ. ಹೆಂಗೂ ಮೂಡಲಗಿಗೆ ಗಾಡಿ ಹೂಡೇರಿ, ಒಂದ ಯಾಕ, ಎರಡ ಹೆಣ್ಣ ನೋಡಿ ಬರ್ರಿ. ಲಗಮಣ್ಣಗ ಒಂದು, ನಿಮಗ ಒಂದು.”

ಮೊದಲು ಯಾರೋ ಒಬ್ಬ ಹೆಂಗಸು ನಕ್ಕಳು. ಆಮೇಲೆ ಇಡೀ ಗುಂಪು. ಸಿದ್ದಪ್ಪ ಒಬ್ಬನೇ ನಗಲಿಲ್ಲ. ರುಮಾಲು ಬಿಚ್ಚಿ, ಝಾಡಿಸಿ, ಮತ್ತೆ ಸುತ್ತಿಕೊಂಡು ಬಾವಿಯ ಕಡೆ ನಡೆದ. ಲಗಮಣ್ಣ ಗಾಡಿಯ ಎತ್ತುಗಳನ್ನು ಬಿಚ್ಚಲು ಹೋದ. ಅವನು ಅಪ್ಪನ ಅಪ್ಪಣೆ ಕೇಳದೆ ಮಾಡಿದ ಮೊದಲ ಕೆಲಸ ಅದೇ ಇರಬೇಕು. ಮೂಡಲಗಿಯ ಮಾತನ್ನು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಲಿಲ್ಲ. ಬೇಸಿಗೆ ಏರಿದ ಮೇಲೆ ಮಲಗಿದ್ದ ಕಾಳುಗಳೂ ತಮ್ಮಷ್ಟಕ್ಕೆ ಒಂದೊಂದಾಗಿ ಎದ್ದವು.

ನಾನು ಅಂದು ಗೆದ್ದವನ ಹಾಗೆ ಓಡಾಡಿದೆ. ಹೊರಡುವ ಮೊದಲು ನೀಲವ್ವನನ್ನು ಕಂಡು ಹೋಗೋಣ ಎಂದು ಹೊಲದ ಅಂಚಿಗೆ ಹೋದೆ. ಅವಳು ಎದ್ದ ಸಾಲಿನ ಹತ್ತಿರ ಕೂತು ಸಸಿಗಳ ಮೇಲೆ ಬಿದ್ದಿದ್ದ ಹೆಂಟೆಗಳನ್ನು ಸರಿಸುತ್ತಿದ್ದಳು. ಶಭಾಶ್ ಎನ್ನುತ್ತಾಳೆ ಎಂದುಕೊಂಡಿದ್ದೆ, ಸುಳ್ಳೇಕೆ ಹೇಳಲಿ.

“ನೋಡಿದಿಯಾ ತಂಗಿ? ನಿನ್ನ ಕೈಯಾಗ ಏನೂ ದೋಷ ಇಲ್ಲಂತ ಕಾಳ ಹೇಳಿದುವು,” ಎಂದೆ.

ಅವಳು ತಲೆ ಎತ್ತಿದಳು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

“ಚಲೋ ಆತ್ರಿ, ಎದ್ದುವು. ನಿಮ್ಮ ಉಪಕಾರ ಮರಿಯೂದಿಲ್ಲ. ಖರೆ ಒಂದ ಕೇಳ್ತೇನಿ, ಸಾಹೇಬ್ರ. ಆ ಕಾಳ ಖರೇನ ಸತ್ತಿದ್ದುವು ಅಂದ್ರ, ನನ್ನ ಕೈ ಕೆಟ್ಟದ್ದ ಆಕ್ಕಿತ್ತೇನ್ರಿ?”

“ಇಲ್ಲವ್ವ,” ಎಂದೆ. “ಅದ್ಹೆಂಗ ಆಕ್ಕೈತಿ?”

“ಹಂಗಾದ್ರ ಅದನ್ನ ಮೊದಲ ದಿನಾನ ಕಟ್ಟಿ ಮ್ಯಾಲ ನಿಂತ ಹೇಳಬೇಕಿತ್ತಲ್ಲರಿ,” ಎಂದು ಮತ್ತೆ ತಲೆ ಬಗ್ಗಿಸಿ ಮಣ್ಣು ಸರಿಸತೊಡಗಿದಳು.